ಬಿಳಿ ಗೆರೆಯ ನೊಣ

ಮಾರೇನಹಳ್ಳಿಯ ಮೂರಂತಸ್ತಿನ ಮನೆಯ ಒಡತಿ ಹನುಮಕ್ಕನಿಗೆ ಎಪ್ಪತ್ತರ ಸಮೀಪ. ಒಂದು ಭಾನುವಾರ ಬೆಳಿಗ್ಗೆ ಆಕೆ ಏದುಸಿರು ಬಿಡುತ್ತಾ ಎರಡನೇ ಮಹಡಿ ಹತ್ತಿ, ಬಾಡಿಗೆಗಿದ್ದ ದೀಪ್ತಿಯ ಬಾಗಿಲು ಬಡಿದಳು.

"ನಿನ್ ಬಾಳೆಹಣ್ಣಿನ ನೊಣ ಎಲ್ಲಾ ಕೆಳಗ್ ಬರ್ತಾವೆ ಕಣಮ್ಮಾ. ಕಾಫಿ ಲೋಟದೊಳಗೆ ಈಜಾಡ್ತವೆ!"

ದೀಪ್ತಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಡಂ. ವಾದಕ್ಕೆ ಇಳಿಯಲಿಲ್ಲ. ಮೊಬೈಲಿಗೆ ಪುಟ್ಟ ಲೆನ್ಸ್ ಸಿಕ್ಕಿಸಿ, ತನ್ನ ಬಾಳೆಹಣ್ಣಿನ ಮೇಲಿದ್ದ ನೊಣಗಳ ಫೋಟೊ ತೆಗೆದಳು. ಕೆಳಗಿಳಿದು ಹನುಮಕ್ಕನ ಕೋಣೆಯ ಗೋಡೆಗೆ ಕೂತಿದ್ದವನ್ನೂ ತೆಗೆದಳು. ಎಳ್ಳುಕಾಳಿನಷ್ಟಿದ್ದ ಜೀವ ಪರದೆ ತುಂಬ ನಿಂತಿತು.

"ನೋಡಿ, ನಮ್ಮನೇದು ಬರೀ ಕಂದು. ನಿಮ್ದಕ್ಕೆ ತಲೆಯಿಂದ ಬೆನ್ನ ತನಕ ಬಿಳಿ ಗೆರೆ. ಜಾತೀನೇ ಬೇರೆ."

ಹನುಮಕ್ಕ ಕನ್ನಡಕ ಏರಿಸಿದಳು. "ಅಯ್ಯೋ, ನಾಮ ಹಾಕ್ಕೊಂಡಂಗೈತಲ್ಲೇ!"

ಮಗ ಯೋಗಾನಂದ ಪೇಪರ್ ಮಡಚಿಟ್ಟು ಬಂದ. "ಎಲ್ಲಿಂದ ಬಂತು ಮೇಡಂ ಇದು?"

"ಇದಕ್ಕೆ ಅಂಜೂರ ಅಂದ್ರೆ ಪ್ರಾಣ. ಮನೇಲಿದೆಯಾ?"

"ಛೇ! ಅಮ್ಮಂಗೆ ಶುಗರ್ ಮುನ್ನೂರು. ಸಿಹಿ ಹಣ್ಣು ಹೊಸಿಲು ದಾಟಕ್ಕೆ ಬಿಡಲ್ಲ ನಾನು."

ಹನುಮಕ್ಕ ಮೆಲ್ಲಗೆ ಸರಿದು ಮಂಚದ ಮೇಲೆ ಕೂತಳು. ಅಷ್ಟರಲ್ಲಿ ಮಂಚದ ಕೆಳಗಿನ ಟ್ರಂಕಿನ ಸಂದಿಯಿಂದ ಒಂದು ನೊಣ ಹೊರಬಂದು, ಒಂದು ಸುತ್ತು ಹೊಡೆದು, ಆಕೆಯ ಮೊಣಕಾಲ ಮೇಲೆಯೇ ಕೂತಿತು. ದೀಪ್ತಿ ಟ್ರಂಕನ್ನು ನೋಡಿದಳು, ಮುದುಕಿಯನ್ನು ನೋಡಿದಳು. ಮುದುಕಿ ಮಗನಿಗೆ ಕಾಣದಂತೆ ಸೆರಗಿನೊಳಗೆ ಕೈ ಮುಗಿದಳು.

"ಇರಿ ಸಾರ್, ಫೋಟೊ ಶೇಕ್ ಆಗಿದೆ," ಎಂದಳು ದೀಪ್ತಿ, ಮುಖದಲ್ಲಿ ನಗು ಸುಳಿಯದಂತೆ. "ಗೆರೆ ಅಲ್ಲ, ಲೈಟ್ ಬಿದ್ದಿರೋದು. ತರಕಾರಿ ಚೀಲದಲ್ಲಿ ಬಂದಿರ್ಬೇಕು."

ಯೋಗಾನಂದ ತರಕಾರಿಯವನನ್ನು ಬೈಯುತ್ತಾ ಸ್ನಾನಕ್ಕೆ ಹೋದ. ಹನುಮಕ್ಕ ಚಿಲಕ ಹಾಕಿ ಟ್ರಂಕ್ ಎಳೆದಳು. ರೇಷ್ಮೆ ಸೀರೆಗಳ ನಡುವೆ ಎಂಟು ಅಂಜೂರ. ಎರಡು ಆಗಲೇ ಕೊಳೆತು ಸೋರುತ್ತಿದ್ದವು.

"ಎಲ್ಲಾ ನಂಗೆ ಕೊಡಿ," ಎಂದಳು ದೀಪ್ತಿ.

"ಒಂದ್ ಬಿಟ್ಟೋಗೇ."

"ಅರ್ಧ."

"ದೊಡ್ಡದ್ರಲ್ಲಿ ಅರ್ಧ!"

ಚೌಕಾಸಿ ಅಲ್ಲಿಗೆ ಮುಗಿಯಿತು. ಹನುಮಕ್ಕ ಕಣ್ಣು ಮುಚ್ಚಿ, ಅರ್ಧ ಹಣ್ಣನ್ನು ಹತ್ತು ನಿಮಿಷ ತಿಂದಳು.

ಅಂದಿನಿಂದ ದೂರು ನಿಂತಿತು, ಬೇರೊಂದು ಕಾಟ ಶುರುವಾಯಿತು. ಹನುಮಕ್ಕ ತನ್ನ ಮೊಬೈಲಿಗೆಂದು ಲೆನ್ಸನ್ನು ಎರವಲು ಪಡೆದವಳು ವಾಪಸ್ ಕೊಡಲೇ ಇಲ್ಲ. ದೀಪ್ತಿಯ ಮೊಬೈಲಿಗೆ ದಿನಕ್ಕೆ ನಾಲ್ಕಾದರೂ ನೊಣ ಬಂದು ಬೀಳುತ್ತವೆ. ನಿನ್ನೆಯ ಫೋಟೊದ ಜೊತೆ ಪಿಸುದನಿಯ ವಾಯ್ಸ್ ಮೆಸೇಜೂ ಇತ್ತು:

"ಇದು ಎದುರುಮನೆ ಬೋರಮ್ಮನ ಅಡಿಗೆಮನೇದು. ಹೆಪ್ಪು ಇಸ್ಕೊಳ್ಳೋ ನೆಪದಲ್ಲಿ ಹೋಗಿ ಫೋಟೊ ಹೊಡ್ಕೊಂಡ್ ಬಂದೆ. ಒಳಗೆ ಏನ್ ಬಚ್ಚಿಟ್ಟವ್ಳೆ, ನೋಡಿ ಬೇಗ ಹೇಳೇ!"