ಕಫನಿನ ಒಂದು ಮೂಲೆ

ಮೋಡ ಕಟ್ಟಿದೆ, ಸುರಿಯುವುದಿಲ್ಲ, ಸುಬಹಿ ನಮಾಝಿಗೆ ಎದ್ದಾಗಿನಿಂದ ಹೀಗೆಯೇ, ಒಂದು ಎಲೆ ಅಲುಗುವುದಿಲ್ಲ, ನಿನ್ನೆ ಒಗೆದ ಬಟ್ಟೆ ಅಂಗಳದ ಹಗ್ಗದಲ್ಲಿ ಇನ್ನೂ ಒದ್ದೆಯಾಗಿಯೇ ನೇತಾಡುತ್ತಿದೆ, ಘಟ್ಟದ ಕಡೆ ಎಲ್ಲೋ ಗುಡುಗು ಒಮ್ಮೆ ಗಂಟಲು ಸರಿಮಾಡಿಕೊಂಡು ಸುಮ್ಮನಾಯಿತು — ಇಂಥ ಸೆಕೆಯಲ್ಲಿ ಮಾಮಿ ಮಲಗಿದಲ್ಲಿಂದಲೇ, ಜೈನಬಾ, ಆ ಫ್ಯಾನು ತಿರುಗ್ತಾ ಉಂಟಾ ಇಲ್ಲ ನಮ್ಮನ್ನು ನೋಡ್ತಾ ಕೂತುಂಟಾ ಎಂದು ಕೇಳುವವರು, ಇವತ್ತು ಕೇಳಲಿಲ್ಲ, ನಿನ್ನೆಯೂ ಕೇಳಲಿಲ್ಲ, ನಾನು ಇನ್ನೊಂದು ಮದುವೆಯಾಗುತ್ತೇನೆ ಎಂದು ಹೇಳಿದ ಆ ಸಂಜೆಯಿಂದ ನನ್ನ ಗಂಡನ ತಾಯಿ ನನ್ನ ಹತ್ತಿರ ಏನನ್ನೂ ಕೇಳಿಲ್ಲ. ನನ್ನ ತಮ್ಮ ಅಝೀಮ್ ಮೂಡಬಿದಿರೆಯಿಂದ ಕಾರು ತರುತ್ತಾನೆ, ಅವನ ಮನೆಯಲ್ಲಿ ಮಧ್ಯಾಹ್ನದ ಲುಹರ್ ನಮಾಝಿನ ನಂತರ ನಿಕಾಹ್, ಸಂಜೆಗೆ ವೇಣೂರು, ಅರುವತ್ತೆರಡರ ಮದುಮಗಳು, ಯಾ ಅಲ್ಲಾಹ್, ಈ ಮಾತನ್ನು ನಾನೇ ನನಗೆ ಹೇಳಿಕೊಂಡರೂ ಕಿವಿ ಬಿಸಿಯಾಗುತ್ತದೆ. ಆದರೆ ಮಾಮಿ ಬಾಯಿ ಬಿಟ್ಟು ಒಂದು ಮಾತು ಹೇಳದೆ ನಾನು ಆ ಕಾರು ಹತ್ತುವುದಿಲ್ಲ, ನಮಾಝಿನ ಚಾಪೆಯ ಮೇಲೆ ಕೂತು ನಿಶ್ಚಯ ಮಾಡಿದ್ದೇನೆ, ಯಾರಿಗೂ ಹೇಳಿಲ್ಲ, ಅಝೀಮನಿಗೂ ಇಲ್ಲ, ನನ್ನನ್ನು ಮದುವೆಯಾಗಲಿರುವ ಖಲೀಲರಿಗೂ ಇಲ್ಲ, ಬಾಗಿಲವರೆಗೆ ಬಂದ ಕಾರನ್ನು ಬರಿದೇ ಕಳಿಸಬೇಕಾದರೆ ಕಳಿಸುವುದು — ಕಳಿಸಲು ನನ್ನಿಂದ ಆಗುತ್ತದೆಯೋ, ಅದೂ ಗೊತ್ತಿಲ್ಲ.

ಟ್ರಂಕು ತೆರೆದಿದೆ, ತೊಡೆಯ ಮೇಲೆ ಮಾಮಿಯ ಕಫನ್, ಹಜ್ಜಿಗೆ ಹೋದಾಗ ಅವರೇ ಝಂಝಂ ನೀರಿನಲ್ಲಿ ಅದ್ದಿ ಒಣಗಿಸಿ, ಮಣ್ಣಿಗೆ ಹೋಗುವ ದಿನ ತನ್ನ ಮೈಗೆ ಸುತ್ತಲೆಂದು ತಂದ ಬಿಳಿ ಬಟ್ಟೆ. ತನ್ನ ಮಗ ನಿಝಾರನ ಕೈಗೂ ಕೊಡಲಿಲ್ಲ, ನನ್ನನ್ನು ಕರೆದರು, ಇದು ನಿನ್ನ ಹತ್ತಿರ ಅಮಾನತ್ತು, ನಂಬಿ ಕೊಟ್ಟದ್ದು, ಜೋಪಾನ, ಮೋಳೆ — ಮೋಳೆ ಎಂದೇ ಕರೆದರು, ಸೊಸೆಯನ್ನು ಮಗಳೇ ಎಂದು ಕರೆಯುವ ಅತ್ತೆಯಂದಿರು ಈ ಸಿದ್ಧಕಟ್ಟೆಯಲ್ಲಿ ಎಷ್ಟು ಮಂದಿ — ನನ್ನನ್ನು ಮೀಯಿಸುವುದು ನೀನು, ಇದನ್ನು ಉಡಿಸುವುದು ನೀನು, ಬೇರೆಯವರು ಬಿಸಿನೀರು ಅಂತ ಕುದಿನೀರು ಹೊಯ್ದಾರು, ನನಗೆ ಹೆದರಿಕೆ. ಸತ್ತ ಮೇಲೆ ಎಂಥ ಹೆದರಿಕೆ ಮಾಮಿ. ನಿನಗೇನು ಗೊತ್ತು, ನೀನು ಸತ್ತು ನೋಡಿದ್ದೀಯಾ. ಆಗ ಇಬ್ಬರೂ ನಕ್ಕಿದ್ದೆವು. ಸರಕಾರಿ ಆಸ್ಪತ್ರೆಯ ದಾದಿ ನಾನು, ಮಗು ಹೊರಗೆ ಬರುವಾಗ ಮೊದಲು ಹಿಡಿದದ್ದು ಈ ಕೈ, ಜಮಾಅತಿನ ಹೆಂಗಸರು ತೀರಿಹೋದಾಗ ಕೊನೆಯ ನೀರು ಹೊಯ್ದದ್ದೂ ಈ ಕೈ, ನಡುವೆ ನನ್ನದೆಂದು ಏನಿತ್ತೋ ಅದು ಬಸ್ಸಿನ ಕಿಟಕಿಯ ಹೊರಗೆ ಹೋದಂತೆ ಹೋಯಿತು, ನಿವೃತ್ತಿಯ ದಿನ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಇನ್ನು ಆರಾಮ ಮಾಡಿ ಸಿಸ್ಟರ್ ಎಂದರು, ಆರಾಮ ಎಂದರೆ ಹೇಗೆ ಮಾಡುವುದು ಎಂದು ಯಾರೂ ಹೇಳಿಕೊಡಲಿಲ್ಲ. ಹೆಬ್ಬೆರಳು ಮತ್ತೆ ಆ ಮೂಲೆಗೇ ಹೋಗುತ್ತದೆ. ಈ ಕಫನಿನ ಒಂದು ಮೂಲೆ ಇಲ್ಲ, ಅಂಗೈಯಷ್ಟು ತುಂಡು, ಪ್ರತಿ ಬೇಸಗೆಯಲ್ಲಿ ಬಿಸಿಲಿಗೆ ಹಾಕುವಾಗ ಕಾಣುತ್ತದೆ, ಒಮ್ಮೆ ಕೇಳಿದ್ದೆ, ಇಲಿ ಕಚ್ಚಿರಬೇಕು ಎಂದರು, ಇಲಿ ಕಚ್ಚಿದರೆ ಹೀಗೆ ನೆಟ್ಟಗೆ ಕಚ್ಚುತ್ತದೆಯೇ, ಕತ್ತರಿ ಹಾಕಿದ ಹಾಗೆ, ನೂಲು ಒಂದೂ ಹೊರಗೆ ಬಂದಿಲ್ಲ, ಮತ್ತೆ ಕೇಳಲಿಲ್ಲ, ನಮ್ಮ ಮನೆಯಲ್ಲಿ ಒಂದು ಸಲ ಕೇಳಿದ್ದನ್ನು ಇನ್ನೊಂದು ಸಲ ಕೇಳುವ ಕ್ರಮ ಇಲ್ಲ.

ನನ್ನ ಗಂಡ ಹಾರಿಸ್ ಕಾಮಾಲೆಯಲ್ಲಿ ಹಳದಿಯಾಗಿ ಹೋದಾಗ, ತನ್ನ ಮಗನಿಗಾಗಿ ಮಾಮಿ ಅತ್ತದ್ದು ನಾನು ನೋಡಿಲ್ಲ, ನನ್ನ ತಲೆಯನ್ನು ಮಡಿಲಲ್ಲಿ ಹಿಡಿದುಕೊಂಡೇ ಇದ್ದರು, ಆಮೇಲೆ ವಿಧವೆ ಮನೆಯೊಳಗೆ ಕಳೆಯಬೇಕಾದ ಇದ್ದತಿನ ದಿನಗಳಿಗೆ ಕೂರಿಸುವಾಗ ಅವರೇ ನನ್ನ ಬಳೆ ತೆಗೆದರು, ಅವರೇ ನನ್ನ ಓಲೆ ಬಿಚ್ಚಿದರು, ತಿರುಪು ಬಿಗಿಯಾಗಿತ್ತು, ಹಲ್ಲು ಕಚ್ಚಿ ಬಿಚ್ಚಿದರು, ನನ್ನ ಬಾಪ ಮದುವೆಗೆ ಮಾಡಿಸಿದ್ದ ಓಲೆ, ಹೂವಿನ ನಡುವೆ ಒಂದು ಕೆಂಪು ಕಲ್ಲು, ನನ್ನ ಹತ್ತಿರ ಇರಲಿ ಎಂದರು. ಇದ್ದತ್ ಮುಗಿಯಿತು, ಮುಗಿದ ಮೇಲೆ ಹಾಕಿಕೊಳ್ಳಬಾರದೆಂದು ಯಾವ ಕಿತಾಬಿನಲ್ಲಿಯೂ ಇಲ್ಲ, ಆದರೆ ಅವರು ಕೊಡಲಿಲ್ಲ, ನಾನು ಕೇಳಲಿಲ್ಲ, ವಿಧವೆ ಓಲೆ ಕೇಳಿದರೆ ಅದಕ್ಕೆ ಇನ್ನೇನೋ ಅರ್ಥ, ತೂತು ಮುಚ್ಚದಿರಲೆಂದು ಗುಡಿಸುವ ಹಿಡಿಸೂಡಿಯ ಕಡ್ಡಿ ಮುರಿದು ಸಿಕ್ಕಿಸಿಕೊಂಡೆ, ಆಸ್ಪತ್ರೆಯಲ್ಲಿ ಬಾಣಂತಿಯರು ಕೇಳುತ್ತಿದ್ದರು, ಸಿಸ್ಟರ್, ಕಿವಿಯಲ್ಲಿ ಎಂಥ ಅದು, ಮದ್ದಾ? ಹೌದು ಮಾರಾಯ್ತಿ, ಮದ್ದು. ಮುಚ್ಚಿದರೆ ಮುಚ್ಚಲಿ ಎಂದು ಯಾಕೆ ಬಿಡಲಿಲ್ಲ ನಾನು, ಯಾರಿಗಾಗಿ ತೆರೆದಿಟ್ಟೆ, ಆಗ ವೇಣೂರಿನ ಖಲೀಲರು ನನಗೆ ಯಾರೂ ಅಲ್ಲ, ವೇಣೂರಿನ ಆಸ್ಪತ್ರೆಯಲ್ಲಿದ್ದಾಗ ನಾನು ಹೋಗುತ್ತಿದ್ದ ಬಸ್ಸಿನ ಕಂಡಕ್ಟರ್, ಮುಂದೆ ಹೋಗಿ ಮುಂದೆ ಹೋಗಿ ಎಂದು ಬೊಬ್ಬೆ ಹೊಡೆಯುವ ಮನುಷ್ಯ, ದಾದಿಯಮ್ಮನಿಗೆ ಸೀಟು ಬಿಡಿ, ರಾತ್ರಿಯೆಲ್ಲ ಹೆರಿಗೆ ಮಾಡಿಸಿ ಬರ್ತಾ ಇದ್ದಾರೆ ಎನ್ನುತ್ತಿದ್ದವರು.

ಅವರೂ ನಿವೃತ್ತರು, ಹೆಂಡತಿ ನುಸ್ರತ್ ತೀರಿಹೋಗಿ ಕೆಲವು ವರ್ಷ, ಮಗಳು ಗಂಡನೊಂದಿಗೆ ದಮ್ಮಾಮಿನಲ್ಲಿ, ಮಗಳೇ ಒತ್ತಾಯ ಮಾಡಿದ್ದಂತೆ, ಅಝೀಮನ ಮೂಲಕ ಮಾತು ಬಂದ ಮೇಲೆ ಅವರೇ ಫೋನು ಮಾಡಿದರು, ನಿಮಗೆ ಇಷ್ಟ ಉಂಟಾ ಅಂತ ನಿಮ್ಮ ಹತ್ತಿರವೇ ಕೇಳಬೇಕು ಅಂತ, ದಾಕ್ಷಿಣ್ಯ ಬೇಡ. ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಅಲ್ಲ, ಹಾಗೇನು ತೊಂದರೆ ಇಲ್ಲ ನನಗೆ, ಅನ್ನ ಬೇಯಿಸ್ತೇನೆ, ಮೀನು ಸಾರು ಮಾಡ್ತೇನೆ, ಮಾತಾಡ್ಲಿಕ್ಕೆ ಮಾತ್ರ ಜನ ಇಲ್ಲ, ಎರಡು ಆಡು ಸಾಕಿದ್ದೇನೆ, ಅವಕ್ಕೂ ನನ್ನ ಮಾತು ಸಾಕಾಗಿದೆ ಮಾರಾಯ್ರೆ, ನಾನು ಬಾಯಿ ತೆರೆದ್ರೆ ತಲೆ ಆಚೆ ತಿರುಗಿಸ್ತವೆ — ಆಗ ನನಗೆ ನಗು ಬಂತು, ಈ ಕೋಣೆಯಲ್ಲಿಯೇ, ದೊಡ್ಡದಾಗಿ, ಯಾರದೋ ನಗು ಎಂದು ನಾನೇ ತಿರುಗಿ ನೋಡಿದೆ. ಗೋಡೆಯ ಆಚೆ ಮಾಮಿ ಕೇಳಿಸಿಕೊಂಡಿರಬೇಕು. ಸಂಜೆ ಹೇಳಿದಾಗ ಅವರು ತಸ್ಬೀಹಿನ ಮಣಿ ಎಣಿಸುವುದನ್ನು ನಿಲ್ಲಿಸದೆಯೇ ಹೇಳಿದರು, ಬೇರೆ ಮನೆಯವಳ ಕೈ ನನ್ನ ಮೈಗೆ ಬೇಡ. ಅಷ್ಟೇ. ಅದೇ ಕೊನೆ. ಗಂಜಿ ಕೊಟ್ಟರೆ ಕುಡಿಯುತ್ತಾರೆ, ಗುಳಿಗೆ ಕೊಟ್ಟರೆ ನುಂಗುತ್ತಾರೆ, ಕಾಲು ಒತ್ತಿದರೆ ಕಾಲು ಕೊಡುತ್ತಾರೆ, ಮಾತು ಮಾತ್ರ ಇಲ್ಲ, ಬೇರೆ ಮನೆಯವಳ ಕೈ, ಬೇರೆ ಮನೆಯವಳ ಕೈ, ಸುಜೂದಿನಲ್ಲಿ ಹಣೆ ನೆಲಕ್ಕೆ ಇಟ್ಟಾಗಲೂ ಅದೇ ಕೇಳಿಸುತ್ತದೆ, ಅಲ್ಲಾಹನು ಕ್ಷಮಿಸಲಿ.

ನಿಝಾರನ ಹೆಂಡತಿ ಸೌದಾ ಬಾಗಿಲಲ್ಲಿ ನಿಂತಿದ್ದಾಳೆ, ಅಕ್ಕ, ಇನ್ನೂ ಟ್ರಂಕಿನ ಮುಂದೆ ಕೂತಿದ್ದೀರಾ, ಮದುಮಗಳು ಹೀಗೆ ಬೆವರಿದರೆ ಹೊಳೆ ದಾಟಿ ಬಂದಿದ್ದಾಳೆ ಅಂತ ವೇಣೂರಿನವರು ತಿಳ್ಕೊಳ್ಳುವರು. ಅವಳ ತಮಾಷೆಯ ಅಡಿಯಲ್ಲಿ ಭಯ ಇದೆ, ಇನ್ನು ಮಾಮಿ ಅವಳ ಪಾಲಿಗೆ. ತಾನೇ ಹೇಳುತ್ತಾಳೆ, ನೀವು ಹೋದ ಮೇಲೆ ಮಾಮಿ ನನ್ನ ಹತ್ತಿರವೂ ಸ್ವಲ್ಪ ದಿನ ಮಾತಾಡ್ಲಿಕ್ಕಿಲ್ಲ, ಆಮೇಲೆ ಗಂಜಿಗೆ ಉಪ್ಪಿಲ್ಲ ಅಂತ ಬೈಗುಳ ಶುರು, ಬೈದರೆ ಎಲ್ಲ ಸರಿಯಾಯ್ತು ಅಂತ ಲೆಕ್ಕ. ಮತ್ತೆ ತನ್ನ ಕಿವಿಯಿಂದ ಬಿಚ್ಚಿದ ಜುಮುಕಿಯನ್ನು ಚಾಚುತ್ತಾಳೆ, ಹಾಕಿಕೊಳ್ಳಿ, ಕಡ್ಡಿ ಸಿಕ್ಕಿಸಿಕೊಂಡು ನಿಕಾಹಿಗೆ ಹೋಗುವವರು ಉಂಟಾ. ಬೇಡ ಸೌದಾ. ಯಾಕೆ ಬೇಡ? ಬೇಡ, ಹೀಗೇ ಇರಲಿ. ಅವಳು ತೊಡೆಯ ಮೇಲಿನ ಬಿಳಿ ಬಟ್ಟೆಯನ್ನು ನೋಡಿ ಜುಮುಕಿ ಹಿಡಿದ ಕೈಯನ್ನು ಹಿಂದೆಗೆದಳು, ಅದನ್ನು ಯಾಕೆ ತೆಗೆದಿರಿ ಇವತ್ತು. ಒಪ್ಪಿಸಿ ಹೋಗಬೇಕಲ್ಲ, ಅಮಾನತ್ತು.

ಒಪ್ಪಿಸಿ ಹೋಗಬೇಕು — ಇದನ್ನು ಹೇಳಿಕೊಟ್ಟವರೂ ಮಾಮಿಯೇ, ಕರೆಂಟು ಹೋದ ಮಳೆಗಾಲದ ಸಂಜೆಗಳಲ್ಲಿ ಚಾವಡಿಯಲ್ಲಿ ಕೂತು ಹೇಳುತ್ತಿದ್ದ ಕಥೆ, ಒಬ್ಬಳು ಮುದುಕಿ ಇದ್ದಳಂತೆ, ನಮಾಝು ಬಿಟ್ಟವಳಲ್ಲ, ಉಪವಾಸ ಬಿಟ್ಟವಳಲ್ಲ, ಮೌತಿನ ಹೊತ್ತು ಬಂತಂತೆ, ಆದರೆ ಜೀವ ಹೊರಡುವುದಿಲ್ಲ, ಹೊಸ್ತಿಲವರೆಗೆ ಬರುತ್ತದೆ, ತಿರುಗಿ ಒಳಗೆ ಹೋಗುತ್ತದೆ, ಯಾಕೆಂದರೆ ನೆರೆಮನೆಯ ತಡ್ಪೆ, ಬಿದಿರಿನ ಮೊರ, ಅವಳ ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತಾ ಇತ್ತು, ಅಕ್ಕಿ ಗೇರಲಿಕ್ಕೆ ತಂದವಳು ಕೊಡಲು ಮರೆತಿದ್ದಳು, ಆ ತಡ್ಪೆ ಹೊಸ್ತಿಲಿಗೆ ಅಡ್ಡ ಮಲಗಿ, ಮೊದಲು ನನ್ನನ್ನು ಮನೆಗೆ ಮುಟ್ಟಿಸು, ಮತ್ತೆ ನೀನು ಎಲ್ಲಿಗೆ ಬೇಕಾದರೂ ಹೋಗು ಎನ್ನುತ್ತಿತ್ತಂತೆ. ನಿಝಾರನ ಮಕ್ಕಳು ನಗುತ್ತಿದ್ದರು, ತಡ್ಪೆ ಮಾತಾಡ್ತದಾ ಎನ್ನುತ್ತಿದ್ದರು, ಕೊಡದೆ ಇಟ್ಟುಕೊಂಡದ್ದೆಲ್ಲ ಮಾತಾಡ್ತದೆ ಎನ್ನುತ್ತಿದ್ದರು ಮಾಮಿ, ಹೇಳುವಾಗ ಮಕ್ಕಳನ್ನು ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದರು, ಕಿವಿಯ ಕಡೆ, ಅಲ್ಲ, ಅದು ನನ್ನ ಭ್ರಮೆ ಇರಬೇಕು.

ಹಾರ್ನು. ಒಂದು ಸಲ, ಮೆಲ್ಲಗೆ, ಅಝೀಮ್ ಮರ್ಯಾದೆಯವನು. ನಿಝಾರ್ ಅಂಗಳಕ್ಕೆ ಇಳಿದ ಸದ್ದು, ಬನ್ನಿ ಬನ್ನಿ, ಎಂಥ ಸೆಕೆ ಮಾರಾಯ್ರೆ, ಮೊದಲು ಶರಬತ್ತು ಕುಡಿಯುವ, ಆ ಸ್ವರದಲ್ಲಿಯೂ ಒಂದು ತಡೆ, ಅವನು ತಾಯಿಗೂ ಹೇಳಲಾರ ನನಗೂ ಹೇಳಲಾರ, ಪಾಪ. ಎದ್ದೆ, ಮೊಣಕಾಲು ಅಲ್ಲಾಹ್ ಎಂದಿತು, ಬಟ್ಟೆಯನ್ನು ಎರಡು ಅಂಗೈಯ ಮೇಲೆ ಹಿಡಿದು ನಡೆದೆ, ಹೀಗೆ ಹಿಡಿದುಕೊಂಡು ಎಷ್ಟು ಮನೆಗಳ ಒಳಕೋಣೆಗೆ ಹೋಗಿದ್ದೇನೆ, ಆಗ ಯಾರೂ ಕಣ್ಣು ತೆರೆದು ನನ್ನನ್ನು ನೋಡುತ್ತಿರಲಿಲ್ಲ, ಇಲ್ಲಿ ನೋಡುತ್ತಿದ್ದಾರೆ. ಮಾಮಿ ದಿಂಬಿಗೆ ಒರಗಿ ಕೂತಿದ್ದಾರೆ, ಒಗೆದ ಬಿಳಿ ಕುಪ್ಪಾಯ, ಯಾರು ಹಾಕಿಸಿದರು, ತಾನೇ ಹಾಕಿಕೊಂಡಿರಬೇಕು, ಗುಂಡಿಗಳು ತಪ್ಪಿ ಮೇಲೆ ಕೆಳಗಾಗಿವೆ. ಹಾಸಿಗೆಯ ಅಂಚಿನಲ್ಲಿ ಕೂತೆ, ಮಡಿಲಲ್ಲಿ ಇಟ್ಟೆ, ನಿಮ್ಮ ಅಮಾನತ್ತು ಮಾಮಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪು ಮಾಡಿದ್ದರೆ ಮಾಫ್ ಮಾಡಿ.  ಫ್ಯಾನು ತಿರುಗುತ್ತಿದೆಯೋ ನಮ್ಮನ್ನು ನೋಡುತ್ತಿದೆಯೋ. ಅವರ ಬೆರಳು ಬಟ್ಟೆಯ ಮೇಲೆ ಹೊರಟಿತು, ಅಂಚು ಹಿಡಿದು ನಿಧಾನಕ್ಕೆ, ಕುರುಡರು ಗೋಡೆ ಹಿಡಿದು ಹೋಗುವ ಹಾಗೆ, ಒಂದು ಮೂಲೆ, ಇನ್ನೊಂದು, ಆಮೇಲೆ ಆ ಮೂಲೆ, ಇಲ್ಲದ ಮೂಲೆ, ಅಲ್ಲಿ ನಿಂತಿತು. ಹೊರಗೆ ಮತ್ತೆ ಹಾರ್ನು. ನಾನು ಏಳುವುದಿಲ್ಲ, ಕಾರು ಹೋಗಲಿ, ಆಡುಗಳು ತಲೆ ತಿರುಗಿಸಿಕೊಳ್ಳಲಿ, ಏಳುವುದಿಲ್ಲ ಎಂದು ಮನಸ್ಸಿನಲ್ಲಿ ಹೇಳುತ್ತಾ ಇದ್ದೆ, ಮಾಮಿಯ ಇನ್ನೊಂದು ಕೈ ನನ್ನ ಕಿವಿಗೆ ಬಂತು, ಕಡ್ಡಿಯನ್ನು ಉಗುರಿನಿಂದ ಹಿಡಿದು ಎಳೆಯಿತು, ಬಲದ್ದು, ಮತ್ತೆ ಎಡದ್ದು, ತೂತು ಉಂಟಾ ಎಂದು ತಡವಿ ನೋಡಿತು, ಉಂಟು ಮಾಮಿ, ನೋಡಿ, ಮುಚ್ಚಲಿಲ್ಲ. ಎಲೆ ಅಡಿಕೆಯ ಪೆಟ್ಟಿಗೆಯ ತಳದಿಂದ ಒಂದು ಪುಟ್ಟ ಗಂಟು ತೆಗೆದರು, ಸುಣ್ಣದ ವಾಸನೆ, ನನ್ನ ಅಂಗೈಯಲ್ಲಿ ಇಟ್ಟು ಬೆರಳುಗಳನ್ನು ಒಂದೊಂದಾಗಿ ಮಡಚಿದರು.

ಬಿಚ್ಚಿದೆ. ಓಲೆ, ಕೆಂಪು ಕಲ್ಲು, ಆದರೆ ನನ್ನ ಕಣ್ಣು ಕಲ್ಲಿನ ಮೇಲೆ ಇಲ್ಲ, ಸುತ್ತಿದ ಬಟ್ಟೆಯ ಮೇಲೆ, ಬಿಳಿ, ಅಂಗೈಯಷ್ಟು ಅಗಲ, ನೆಟ್ಟಗೆ ಕತ್ತರಿಸಿದ ಅಂಚು, ನೂಲು ಒಂದೂ ಹೊರಗೆ ಬಂದಿಲ್ಲ — ಕೊಡಬೇಕಾದದ್ದನ್ನು ಇಷ್ಟು ವರ್ಷ ತನ್ನ ಕಫನಿನಲ್ಲಿ ಕಟ್ಟಿ ಇಟ್ಟಿದ್ದರು, ಕೊಡದೆ ಹೊರಡಲು ಆಗದ ಹಾಗೆ. ಕೊಟ್ಟರೆ ನಾನು ಹೊರಟುಬಿಡುತ್ತೇನೆ ಎಂದೇ? ಕೇಳಲಿಲ್ಲ. ಹೊಲಿದು ಕೊಡಲೇ ಎನ್ನಲು ಬಾಯಿ ತೆರೆದೆ, ಕಫನಿಗೆ ಹೊಲಿಗೆ ಹಾಕುವ ಕ್ರಮ ಇಲ್ಲ, ನೆನಪಾಯಿತು. ಮಾಮಿ ದೊಡ್ಡ ಬಟ್ಟೆಯನ್ನು ಮಡಚಿ ತನ್ನ ದಿಂಬಿನ ಅಡಿಗೆ ಸರಿಸಿದರು, ಗೋಡೆಯ ಕಡೆ ತಿರುಗಿದರು, ಆಮೇಲೆ ಮಾತು ಬಂತು, ಗೋಡೆಗೆ ಹೇಳಿದ ಹಾಗೆ, ಆ ತುಂಡು ನಿನ್ನ ಹತ್ತಿರ ಇರಲಿ ಮೋಳೆ, ಅವತ್ತು ಮೀಯಿಸಲಿಕ್ಕೆ ಬರುವಾಗ ತಾ. ಹಾರ್ನು. ಸೌದಾ ಕರೆಯುತ್ತಿದ್ದಾಳೆ. ಏಳಬೇಕು, ಏಳುತ್ತಿದ್ದೇನೆ, ಅಂಗೈಯಲ್ಲಿ ಅದು, ದಿಂಬಿನ ಅಡಿಯಿಂದ ಒಂದಿಷ್ಟು ಹೊರಗೆ ಬಿಳಿ, ಅಲ್ಲಿ ಆ ಮೂಲೆ, ಇಲ್ಲದ ಮೂಲೆ, ಆ ಮೂಲೆ