ಹೊಸ್ತಿಲಾಚೆಯ ಕೈ

ವರ್ಷದ ದೊಡ್ಡ ರಜೆಯ ದಿನ ನಮ್ಮ ಮನೆಯಲ್ಲಿ ಕೈ ಹೇಳದೆ ಯಾರೂ ತುತ್ತು ಎತ್ತುವಂತಿರಲಿಲ್ಲ.

ಕೈ ಹೇಳುವುದೆಂದರೆ ಇಷ್ಟೆ. ನಮ್ಮ ಬದುಕನ್ನು ಎತ್ತಿ ಹಿಡಿದ ಒಂದು ಕೈ ಯಾರದೆಂದು ಎಲ್ಲರೆದುರು ಹೇಳಬೇಕು. ಅದು ಕೆಲಸ ಮಾಡುವುದನ್ನು ನಾವೇ ಕಣ್ಣಾರೆ ಕಂಡಿರಬೇಕು. ಆ ಹೊತ್ತಿಗೆ ಊಟದ ಕೋಣೆಯೊಳಗಿದ್ದವರ ಕೈ ಮಾತ್ರ ಹೇಳುವಂತಿಲ್ಲ. ಈ ಕಟ್ಟಳೆ ಮಾಡಿದವನು ಮರಗೆಲಸದ ಅಜ್ಜ. ಅವನ ಕಾರ್ಖಾನೆಯಲ್ಲಿ ರಜೆಯ ಊಟಕ್ಕೆ ಮುಂಚೆ ಎಲ್ಲರೂ ಎದ್ದು ನಿಂತು ಧಣಿಗೆ ಚಪ್ಪಾಳೆ ತಟ್ಟಬೇಕಿತ್ತಂತೆ. ಕುರ್ಚಿ ಮಾಡಿದವರೆಲ್ಲ ನಿಂತಿದ್ದರು, ಕೂತವನು ಒಬ್ಬನೇ. ಅಜ್ಜ ಚಪ್ಪಾಳೆ ತಟ್ಟದೆ, ಉಣ್ಣದೆ ಎದ್ದು ಬಂದ. ಅದೇ ಸಂಜೆ ಮನೆಯ ಮೇಜಿನ ಮುಂದೆ ಈ ಪದ್ಧತಿ ಶುರುವಾಯಿತು. "ಎದುರಿಗೆ ಕೂತವರನ್ನ ಹೊಗಳೋದು ಅಂದ್ರೆ ಇನ್ನೊಂದು ಸೌಟು ಬಡಿಸಿ ಅಂತ ಕೇಳೋದು" ಎನ್ನುತ್ತಿದ್ದನಂತೆ.

ಸರದಿ ಸಿಗುವುದು ಹತ್ತು ತುಂಬಿದವರಿಗೆ. ಆ ವರ್ಷ ನನಗೆ ಹತ್ತು ತುಂಬಿತ್ತು. ಬಸ್ಸು ಓಡಿಸುವ ಮಾವ ತನ್ನ ಬಸ್ಸಿನಡಿ ಮಲಗಿ ಬ್ರೇಕು ಬಿಗಿದವನ ಕೈ ಹೇಳಿದ್ದನ್ನೂ, ಅಜ್ಜಿ ತನ್ನ ಕನ್ನಡಕದ ಗಾಜು ತಿಕ್ಕಿ ಕೂರಿಸಿದ ಮುದುಕನ ಕೈ ಹೇಳಿದ್ದನ್ನೂ ಬಾಯಿ ಬಿಟ್ಟುಕೊಂಡು ಕೇಳಿ ಬೆಳೆದವಳು ನಾನು. ನನ್ನ ಸರದಿಗಾಗಿ ಬೆರಳು ಮಡಚಿ ಕಾದಿದ್ದೆ.

ಅವತ್ತು ಬೆಳಿಗ್ಗೆ ಅಜ್ಜಿ ಬಟಾಣಿ ಸುಲಿಯುತ್ತಿದ್ದಳು. ಅಪ್ಪ ಒಲೆಯ ಮುಂದಿದ್ದ. ಅಮ್ಮ ಕೆಲಸಕ್ಕೆ ಹೋಗಿದ್ದಳು. ನನಗೆ ತಿಳಿದಂತೆ ಅವಳಿಗೆ ಆ ದಿನ ರಜೆ ಸಿಗದೆ ಹೋದದ್ದು ಅದೇ ಮೊದಲು. ಊಟಕ್ಕೆ ನನ್ನನ್ನ ಕಾಯಬೇಡಿ, ನಾಲ್ಕಕ್ಕೆ ತಮ್ಮನ ಬಸ್ಸು ಹೊರಡಬೇಕು ಅಂದು ಹೋಗಿದ್ದಳು. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ಶಾಲೆಯಲ್ಲಿ ಯಾರಾದರೂ ಕೇಳಿದರೆ ನಾನು "ಆಸ್ಪತ್ರೇಲಿ" ಅಂದು ನಿಲ್ಲಿಸಿಬಿಡುತ್ತಿದ್ದೆ. ಉಳಿದದ್ದನ್ನು ಅವರೇ ನರ್ಸು ಅಂತ ತುಂಬಿಕೊಳ್ಳಲಿ ಅಂತ.

"ಏನೇ ಗಡಿಬಿಡಿ, ಯಾರ ಕೈ ಹಿಡ್ಕೊಂಡು ಬಂದಿದ್ದೀಯ?" ಎಂದ ಮಾವ. ಗಡಿಬಿಡಿ ಎಂಬುದು ಅವನು ನನಗಿಟ್ಟ ಹೆಸರು.

"ಆಸ್ಪತ್ರೆ ಧಣಿಯವರದ್ದು!" ಎಂದೆ. ಹಿಂದಿನ ವಾರವೇ ಅವರು ಶಾಲೆಗೆ ಬಂದು ಮಕ್ಕಳಿಗೆಲ್ಲ ಚೀಲ ಹಂಚಿದ್ದರು. ಚೀಲದ ಮೇಲೆ ಅವರದೇ ಮುಖ. 'ನಮ್ಮ ಉಪಕಾರಿ' ಎಂಬ ಪ್ರಬಂಧಕ್ಕೆ ನನಗೆ ಮೊದಲ ಬಹುಮಾನ. ಅದನ್ನೇ ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದೆ. ನಮ್ಮ ತಾಯಂದಿರ ಬೆನ್ನು ಬಗ್ಗಿಸಿ ಕಟ್ಟಿದ ಆಸ್ಪತ್ರೆಯಿಂದ ತಲೆಗೊಂದು ಚೀಲ ಹೊರಬಿದ್ದಿತ್ತು. ಅದಕ್ಕೆ ನಾವು ಮುನ್ನೂರು ಮಕ್ಕಳು ಸಾಲಾಗಿ ನಿಂತು ತಲೆಬಾಗಿದ್ದೆವು. ಹತ್ತು ವರ್ಷದವಳಿಗೆ ಇದು ತಿಳಿಯಲಿಲ್ಲ. ತಿಳಿಯಬಾರದೆಂದೇ ಪ್ರಬಂಧ ಬರೆಸುವುದು.

ಅಜ್ಜಿ ಬಟಾಣಿಯಿಂದ ಕಣ್ಣೆತ್ತಲಿಲ್ಲ. "ಅವರ ಕೈ ನೋಡಿದ್ದೀಯ?"

"ಹ್ಞೂಂ. ಮೂರು ಉಂಗುರ ಇತ್ತು."

"ಉಂಗುರ ಕೇಳಿದ್ನೇನೇ? ಕೆಲಸ ಮಾಡೋದು ನೋಡಿದ್ಯಾ?"

"ಚೀಲ ಕೊಟ್ರಲ್ಲ!"

"ಕೊಡೋ ಮುಂಚೆ ಅದನ್ನ ಯಾರೋ ಹೊಲಿದಿರಬೇಕಲ್ಲ?"

ಮಾವ ಚೀಲವನ್ನು ಬೆಳಕಿಗೆ ಹಿಡಿದ. "ತಾಳಮ್ಮ, ಫೋಟೋ ಸರಿಯಾಗಿ ನೋಡೋಣ. ಸೂಜಿ ದಾರ ಬೆನ್ನ ಹಿಂದೆ ಬಚ್ಚಿಟ್ಕೊಂಡಿರಬಹುದು."

ನನಗೆ ಅಳು ಉಕ್ಕಿ ಬಂತು. "ಹಾಗಾದ್ರೆ ನನ್ನ ಸರದಿ?"

"ಮೂರಕ್ಕೆ ಊಟ. ಅಷ್ಟರೊಳಗೆ ಒಂದು ಕೈ ಕಂಡ್ರೆ ಹೇಳು. ಇಲ್ಲಾಂದ್ರೆ ಬರೋ ವರ್ಷ," ಎಂದು ಅಜ್ಜಿ ಬಟಾಣಿ ಸಿಪ್ಪೆಯನ್ನೆಲ್ಲ ಬಾಚಿ ಧಣಿಯ ಚೀಲಕ್ಕೆ ಹಾಕಿದಳು.

ಅಪ್ಪ ನನ್ನ ಕಣ್ಣೊರೆಸಿ ಊಟದ ಡಬ್ಬಿ ಕೈಗಿಟ್ಟ. "ಅಮ್ಮನಿಗೆ ಕೊಟ್ಟು ಬಾ. ದಾರೀಲಿ ಕಣ್ಣು ಬಿಟ್ಕೊಂಡು ಹೋಗು ಮಗಳೇ."

ಕಣ್ಣು ಬಿಟ್ಟುಕೊಂಡೇ ಹೋದೆ. ಊರಿಗೆ ಊರೇ ಬಾಗಿಲು ಹಾಕಿತ್ತು. ಚಪ್ಪಲಿ ಅಂಗಡಿ, ಸೈಕಲ್ ರಿಪೇರಿ, ಹಿಟ್ಟಿನ ಗಿರಣಿ, ಎಲ್ಲಕ್ಕೂ ಬೀಗ. ಬೀದಿಯಲ್ಲಿ ಆಡುತ್ತಿದ್ದ ಕೈ ಒಂದೇ ಒಂದು: ಬ್ಯಾಂಕಿನ ಮುಂದೆ ಮೂಗು ಕೆರೆದುಕೊಳ್ಳುತ್ತಿದ್ದ ಕಾವಲುಗಾರನದು. ಅದನ್ನು ಹೇಳಿದರೆ ಮಾವ ವರ್ಷವಿಡೀ ಆಡಿಕೊಳ್ಳುತ್ತಾನೆ.

ಆಸ್ಪತ್ರೆಯ ಗೇಟಿನಲ್ಲಿ ಡಬ್ಬಿ ಈಸಿಕೊಳ್ಳುವವರು ಯಾರೂ ಇರಲಿಲ್ಲ. "ಹಿಂದುಗಡೆ ಹೋಗು, ಮೆಟ್ಟಿಲು ಇಳಿ. ಶಾಖ ಬಡಿದ್ರೆ ಅದೇ ಲಾಂಡ್ರಿ," ಎಂದಳು ಪೊರಕೆ ಬದಿಗಿಟ್ಟು ಕೂತಿದ್ದ ಕಸ ಗುಡಿಸುವಾಕೆ.

ಇಳಿದೆ. ಬಾಗಿಲು ತಳ್ಳಿದೆ.

ಮೊದಲು ಏನೂ ಕಾಣಲಿಲ್ಲ. ಉಗಿ, ಬರೀ ಉಗಿ. ಅದರೊಳಗಿಂದ ಒಂದೊಂದೇ ಆಕಾರ ಎದ್ದುಬಂತು. ನಮ್ಮ ಮನೆಯ ಕೋಣೆಯೇ ಒಳಗೆ ಹಿಡಿಸುವಷ್ಟು ದೊಡ್ಡ, ಬಟ್ಟೆ ಒಗೆಯುವ ಉಕ್ಕಿನ ಪೀಪಾಯಿಗಳು ನೆಲ ನಡುಗುವಂತೆ ತಿರುಗುತ್ತಿದ್ದವು. ಸೂರಿನವರೆಗೆ ಬಟ್ಟೆಯ ಗಂಟುಗಳು. ಆಚೆ ಕಡೆ ಇಸ್ತ್ರಿಯ ಬಿಸಿ ರೋಲರಿಗೆ ಇಬ್ಬರು ಹೆಂಗಸರು ಒದ್ದೆ ಶೀಟು ಕೊಡುತ್ತಿದ್ದರು. ಇನ್ನೊಂದು ತುದಿಯಲ್ಲಿ ಅದು ಬೆಳದಿಂಗಳಿನ ಹಾಗೆ ಹೊರಬರುತ್ತಿತ್ತು. ನಾನೂರು ಹಾಸಿಗೆಗಳ ಆಸ್ಪತ್ರೆ ನಮ್ಮ ತಲೆಯ ಮೇಲೆ ಮಲಗಿತ್ತು. ಮಲಗಿದ್ದು ಇದರ ಮೇಲೆ. ಹತ್ತು ವರ್ಷ ನಾನು ಬಾಯಿಬಿಟ್ಟು ಹೇಳದ ಜಾಗ ಇದು.

ಅಮ್ಮ ಗಂಟುಗಳ ಮುಂದೆ ನಿಂತಿದ್ದಳು. ನನ್ನನ್ನು ಕಂಡು ಗಾಬರಿಯಾದಳು. "ಒಳಗ್ಯಾಕೆ ಬಂದೆ? ದೂರ ನಿಲ್ಲು, ಏನೂ ಮುಟ್ಟಬೇಡ."

"ನೋಡ್ತೀನಮ್ಮ. ನೋಡಿ ಹೋಗ್ತೀನಿ."

ಅವಳು ಒಂದು ಶೀಟು ಬಿಡಿಸಿದಳು. ಪೀಪಾಯಿಗೆ ಹಾಕುವ ಮುಂಚೆ ಅದರ ಉದ್ದಕ್ಕೂ ಅಂಗೈ ಆಡಿಸಿದಳು, ಮಲಗಿದ ಮಗುವಿನ ಬೆನ್ನು ಸವರುವ ಹಾಗೆ. ಅಂಗೈ ಒಂದು ಕಡೆ ಗಕ್ಕನೆ ನಿಂತಿತು. ಮಡಿಕೆಯೊಳಗಿಂದ ಇಂಜೆಕ್ಷನ್ ಸೂಜಿಯೊಂದನ್ನು ಎರಡೇ ಬೆರಳಲ್ಲಿ ಎತ್ತಿ ಡಬ್ಬಕ್ಕೆ ಹಾಕಿದಳು. ಕೈಗವಸು ಮೂವರಿಗೆ ಒಂದೇ ಜೊತೆ ಇತ್ತು. ಆವತ್ತು ಅದು ಬೇರೆಯವರ ಪಾಳಿ. ಆಸ್ಪತ್ರೆಯ ಮುಂಬಾಗಿಲಲ್ಲಿ ಧಣಿಯ ಫೋಟೋಕ್ಕೆ ಮಾತ್ರ ದಿನಾ ಹೊಸ ಹೂವು.

"ಇದು ಯಾರದ್ದು ಗೊತ್ತಾ?" ಅಮ್ಮ ಶೀಟನ್ನು ದೀಪಕ್ಕೆ ಹಿಡಿದಳು. "ಜೋರು ಜ್ವರ. ಬೆಳಗಿನ ಜಾವ ಬಿಟ್ಟಿದೆ. ಬೆವರು ಹೇಗೆ ಅಂಚು ಕಟ್ಟಿದೆ ನೋಡು. ಇವತ್ತು ಎದ್ದು ಕೂರ್ತಾರೆ."

ಇನ್ನೊಂದು ಬಿಡಿಸಿದಳು. "ಇದು ಹೆರಿಗೆ. ಕಷ್ಟಪಟ್ಟಿದ್ದಾಳೆ ಪಾಪ, ಎರಡೂ ಅಂಚು ಹಿಂಡಿ ಹಿಡಿದಿದ್ದಾಳೆ."

ಅಮ್ಮ ಮೂರನೇ ತರಗತಿ ಓದಿದವಳು. ಮೇಷ್ಟ್ರು ಪುಸ್ತಕ ಓದುವ ಹಾಗೆ ಬಟ್ಟೆ ಓದುತ್ತಿದ್ದಳು.

ಮೂರನೆಯದನ್ನು ಬಿಡಿಸಿದಳು. ನಡುಮಧ್ಯೆ ಒಂದು ತೆಳು ಕಲೆ. ಗಂಟಿನ ಚೀಟಿಯಲ್ಲಿದ್ದ ಹಾಸಿಗೆಯ ನಂಬರನ್ನು ಎರಡು ಸಲ ನೋಡಿದಳು. ಅವಳ ಮುಖ ಅರಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

"ಇದು ಮುದುಕರ ವಾರ್ಡಿನ ಒಬ್ಬರದ್ದು. ನಾಲ್ಕು ದಿನದಿಂದ ಒಂದೇ ಕಡೆ ಕಲೆ. ಯಾರೂ ಅವರನ್ನ ಮಗ್ಗುಲಿಗೆ ಹೊರಳಿಸ್ತಿಲ್ಲ, ಬೆನ್ನು ಹುಣ್ಣಾಗ್ತಿದೆ ಅಂತ ಗೊತ್ತಾಯ್ತು. ತೊಳೆದ ಬಟ್ಟೆ ಜೊತೆ ನರ್ಸಮ್ಮನಿಗೆ ಚೀಟಿ ಬರೆದಿಟ್ಟೆ. ಇವತ್ತು ನೋಡು, ಕಲೆ ಎಷ್ಟು ಸಣ್ಣದಾಗಿದೆ!"

"ಅವರನ್ನ ನೀನು ನೋಡಿದ್ದೀಯಾ ಅಮ್ಮ?"

"ನಾನೆಲ್ಲಿ ನೋಡ್ಲಿ? ಮೇಲಕ್ಕೆ ನಮ್ಮನ್ನ ಬಿಡಲ್ಲ."

ಮೇಲೆಲ್ಲೋ ಒಬ್ಬ ಮುದುಕ ನೋವು ಕಡಿಮೆಯಾಯಿತೆಂದು ಉಸಿರು ಬಿಡುತ್ತಿದ್ದ. ನೆಲದಡಿಯಲ್ಲಿ ನಿಂತ ಅಮ್ಮ ಅವನ ಮೈಯನ್ನು ಬಲ್ಲವಳಾಗಿದ್ದಳು. ಅವಳೊಬ್ಬಳು ಇದ್ದಾಳೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಹೊರಡುವಾಗ ಧಣಿಯ ಕತೆಯನ್ನೂ ಅಜ್ಜಿಯ ತೀರ್ಪನ್ನೂ ಹೇಳಿದೆ. ಅಮ್ಮ ಗದರಲಿಲ್ಲ. ರೋಲರಿನ ಬಳಿಯ ಇಬ್ಬರಲ್ಲಿ ವಯಸ್ಸಾದವಳ ಕಡೆ ಬೆರಳು ಮಾಡಿದಳು. "ಉಗಿಯಕ್ಕನ ಕೈ ಹೇಳು. ನೀನು ಹುಟ್ಟಿದ ದಿನ ನಮ್ಮ ಹಾಸಿಗೆಯ ಶೀಟು ಒಗೆದವಳು ಅವಳೇ."

ಉಗಿಯಕ್ಕ ಅಲ್ಲಿಂದಲೇ ಕೂಗಿದಳು: "ಅಯ್ಯೋ ಮಾರಾಯ್ತಿ, ನಾಲ್ಕು ಸಲ ನೆನೆಸಿದ್ದೆ! ಹುಟ್ಟುವಾಗಲೇ ಅಷ್ಟು ಗಲಾಟೆ ಈ ಹುಡುಗಿ!"

ನಗುತ್ತ ಮೆಟ್ಟಿಲು ಹತ್ತಿದೆ. ಕೈ ಸಿಕ್ಕಿತ್ತು, ಸರದಿ ಉಳಿದಿತ್ತು. ಆದರೆ ಮನೆಯ ತಿರುವಿಗೆ ಬಂದಾಗ ಕಾಲು ನಿಂತಿತು. ಅಮ್ಮನ ಕೈಯನ್ನು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ. ಹೇಳುವಂತಿರಲಿಲ್ಲ. ಪ್ರತಿ ವರ್ಷ ಅವಳು ಆ ಕೋಣೆಯಲ್ಲೇ ಇರುತ್ತಿದ್ದಳಲ್ಲ!

ಈ ವರ್ಷ ಇಲ್ಲ.

ಮೂರಕ್ಕೆ ತಟ್ಟೆ ಹಾಕಿದರು. ಮಾವ ತನ್ನ ಕೈ ಹೇಳಿದ, ಅಪ್ಪ ಹೇಳಿದ. ಅಜ್ಜಿಯದು ಮುಗಿಯಲು ಕಾಲು ಗಂಟೆ ಬೇಕಾಯಿತು. ಗಡಿಯಾರ ನೋಡುತ್ತ ಕೂತೆ. ಅಮ್ಮನ ಪಾಳಿಯೂ ಮೂರಕ್ಕೇ ಮುಗಿಯುತ್ತಿತ್ತು; ಅವಳು ಒಳಗೆ ಕಾಲಿಟ್ಟರೆ ಆ ಕೈ ಹೇಳುವಂತಿಲ್ಲ. ಕೊನೆಗೆ ನನ್ನ ಸರದಿ ಬಂತು. ಬಾಗಿಲಿಗೆ ಬೆನ್ನು ಮಾಡಿ ಎದ್ದು ನಿಂತೆ.

"ನಾನು ಲಾಂಡ್ರಿಯಲ್ಲಿ ಕೆಲಸ ಮಾಡೋ ನಮ್ಮಮ್ಮನ ಕೈ ಹೇಳ್ತೀನಿ."

ಮಾವನ ಲೋಟ ಅರ್ಧದಲ್ಲೇ ನಿಂತಿತು. ಸೂಜಿಯನ್ನು ಹೇಳಿದೆ. ಜ್ವರದ ಶೀಟನ್ನು ಹೇಳಿದೆ. ಮುದುಕರ ಬೆನ್ನಿಗೆ ಬರುವಷ್ಟರಲ್ಲಿ ಅಜ್ಜಿ ತಟ್ಟನೆ ಅಂಗೈ ಎತ್ತಿದಳು, 'ನಿಲ್ಲು' ಎನ್ನುವ ಹಾಗೆ. ತಪ್ಪಾಯಿತೇ? ಸರದಿ ಹೋಯಿತೇ?

"ನಿನಗಲ್ಲ," ಎಂದಳು ಅಜ್ಜಿ. ಅವಳ ಕಣ್ಣು ನನ್ನನ್ನು ದಾಟಿ ಎಲ್ಲೋ ನೆಟ್ಟಿತ್ತು. "ನೀನು ಹೇಳು. ಒಂದೂ ಬಿಡದೆ ಹೇಳು."

ಹೇಳಿದೆ. ಮೂವರಿಗೆ ಒಂದೇ ಜೊತೆ ಕೈಗವಸನ್ನೂ ಹೇಳಿದೆ. ಶಾಲೆಯಲ್ಲಿ "ಆಸ್ಪತ್ರೇಲಿ" ಅಂದು ನಿಲ್ಲಿಸುತ್ತಿದ್ದುದನ್ನೂ ಹೇಳಿದೆ. ಅಷ್ಟರಲ್ಲಿ ಅನ್ನದ ಹಬೆ ಆರಿತ್ತು. "ಅಷ್ಟೇ," ಅಂದು ತಿರುಗಿದೆ.

ಅಮ್ಮ ಹೊಸ್ತಿಲಾಚೆ ನಿಂತಿದ್ದಳು. ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಎತ್ತಿದ ಆ ಬರಿಗಾಲನ್ನು ಒಳಗಿಡದೆ, ಗೋಡೆ ಹಿಡಿದು, ಖಾಲಿ ಡಬ್ಬಿಯನ್ನು ಎದೆಗೊತ್ತಿಕೊಂಡು, ಅಷ್ಟೂ ಹೊತ್ತು ಹಾಗೇ ನಿಂತಿದ್ದಳು.

"ಈಗ ಒಳಗೆ ಬಾ," ಎಂದಳು ಅಜ್ಜಿ.

"ಬರೋ ವರ್ಷ ನನ್ನನ್ನೂ ಒಂಚೂರು ಹೊರಗೆ ನಿಲ್ಲಿಸ್ರಪ್ಪ," ಎಂದ ಮಾವ. ಎತ್ತಿದ್ದ ಲೋಟವನ್ನು ಆಗ ಕೆಳಗಿಟ್ಟ.

ಅಮ್ಮ ಬಂದು ಕೂತಳು. ಕೈಗಳನ್ನು ಮೇಜಿನ ಕೆಳಗೆ ಸರಿಸಹೋದಳು. ಅಜ್ಜಿ ಬಿಡಲಿಲ್ಲ, ಎರಡನ್ನೂ ಹಿಡಿದೆತ್ತಿ ತಟ್ಟೆಯ ಪಕ್ಕ ಇಟ್ಟಳು. ಬಟ್ಟೆ ಒಗೆಯುವ ಸೋಡಾದಲ್ಲಿ ಬೆಂದು ಬೆರಳ ಗೆರೆಗಳೇ ಅಳಿಸಿಹೋಗಿದ್ದ ಆ ಕೈಗಳನ್ನು ನಾವು ನಾಲ್ವರೂ ನೋಡುತ್ತ ಕೂತೆವು. ಎಷ್ಟೋ ಹೊತ್ತಿನವರೆಗೆ ಯಾರಿಗೂ ಹಸಿವಿನ ನೆನಪಾಗಲಿಲ್ಲ.