ಇಪ್ಪತ್ತನಾಲ್ಕರ ಬುಷ್

ಪೆಟ್ಟಿಗೆ ಏಳನೇ ಮೆಟ್ಟಿಲಿನಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದೆ ಇಬ್ಬರು, ಹಿಂದೆ ಇಬ್ಬರು. ಮೇಲಕ್ಕೆ ಎಳೆದರೆ ಬಾರದು, ಕೆಳಕ್ಕೆ ಬಿಟ್ಟರೆ ಇಳಿಯದು. ಒಬ್ಬೊಬ್ಬರು ಕಾಲು ಬದಲಿಸಿದಾಗಲೂ ಕಾಲಡಿಯ ಮೆಟ್ಟಿಲು ಕಿರ್ರೋ ಎಂದು ಕೂಗುತ್ತಿತ್ತು.

"ಸ್ವಲ್ಪ ಎಡಕ್ಕೆ ವಾಲಿಸಿ," ಎಂದ ಶವದ ಗಾಡಿಯ ಡ್ರೈವರ್, ಕೆಳಗಿನಿಂದ.

"ಎಡಕ್ಕೆ ಗೋಡೆ ಇದೆ ಸ್ವಾಮಿ. ಅದನ್ನೂ ವಾಲಿಸ್ಲಾ?" ಎಂದ ಪಾಲಿಶಣ್ಣ, ಮೇಲಿನಿಂದ. ನಲವತ್ತು ವರ್ಷ ಈ ಮನೆಯ ಮರಕ್ಕೆಲ್ಲ ಪಾಲಿಶ್ ಹೊಡೆದ ಮುದುಕ ಅವನು.

ಪೆಟ್ಟಿಗೆ ಇನ್ನೂ ಖಾಲಿ. ಅದರಲ್ಲಿ ಮಲಗಬೇಕಾದವನು ಮೇಲಿನ ಕೋಣೆಯಲ್ಲಿ ಬಿಳಿ ಹೊದಿಕೆಯಡಿ ಇದ್ದ. ಐವತ್ತು ವರ್ಷ ಬಡಗಿ ಕೆಲಸ ಮಾಡಿದವನು. ಕೆಳಗೆ ಕಾರ್ಖಾನೆ, ಮೇಲೆ ಮನೆ, ನಡುವೆ ಈ ಮರದ ಮೆಟ್ಟಿಲು. ಕಸುಬಿನವರೆಲ್ಲ ಅವನನ್ನು ಮಿಲಿಮೀಟರ್ ಎಂದು ಕರೆಯುತ್ತಿದ್ದರು. ಹೆಂಡತಿ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದರೂ ಸ್ಕೇಲು ಹಿಡಿದುಕೊಂಡು ಬರುತ್ತಿದ್ದ ಆಸಾಮಿ. ಅಂಥವನ ಪೆಟ್ಟಿಗೆ ಅವನದೇ ಮನೆಯಲ್ಲಿ ಬೆರಳಗಲ ಜಾಗ ಸಾಲದೆ ನಿಂತಿತ್ತು. ಎರಡೂ ಪಕ್ಕಕ್ಕೆ ಚಾಚಿಕೊಂಡಿದ್ದ ಕಬ್ಬಿಣದ ಹಿಡಿಗಳು ಒಂದು ಕಡೆ ಗೋಡೆಯನ್ನೂ ಇನ್ನೊಂದು ಕಡೆ ಮೆಟ್ಟಿಲ ಕಟಾಂಜನವನ್ನೂ ಕಚ್ಚಿಕೊಂಡಿದ್ದವು.

"ಊರಿನ ಬಾಗಿಲನ್ನೆಲ್ಲ ಕೂರಿಸಿದ ಪುಣ್ಯಾತ್ಮ. ಅವನ ಪೆಟ್ಟಿಗೆನೇ ಕೂರ್ಲಿಲ್ಲ ನೋಡಿ," ಎಂದ ಪಾಲಿಶಣ್ಣ.

"ಅಳತೆ ತಗೊಳ್ಳದೆ ತಂದಿದ್ದೀರಿ. ಅವರಿದ್ದಿದ್ರೆ ಬೈದು ನೀರಿಳಿಸ್ತಿದ್ರು," ಎಂದಳು ಮೇಲೆ ನಿಂತಿದ್ದ ಹೆಂಡತಿ. ಹೇಳಿ ನಕ್ಕಳು. ನಗುತ್ತಾ ನಗುತ್ತಾ ಅತ್ತಳು.

ಪೆಟ್ಟಿಗೆ ಬೇಡ, ಹೊದಿಕೆಯಲ್ಲೇ ಸುತ್ತಿ ಇಳಿಸಿಬಿಡೋಣ ಎಂದು ಡ್ರೈವರ್ ಸೂಚಿಸಿದ. "ಮೂಟೆನಾ ಅವರು?" ಎಂದು ಅವಳು ಕೇಳಿದ ರೀತಿಗೆ ಅವನು ಮತ್ತೆ ಪೆಟ್ಟಿಗೆಗೇ ಕೈ ಕೊಟ್ಟ.

"ಪಕ್ಕದ ಹಿಡಿ ಬಿಚ್ಚಿಬಿಡಿ," ಎಂಬ ಮಾತು ಬೀದಿ ಬಾಗಿಲಿನಿಂದ ಬಂತು. "ತಲೆ ಕಡೆಗೂ ಕಾಲು ಕಡೆಗೂ ಹಲಗೆಯಲ್ಲಿ ಕೈ ತೂರೋ ಕಂಡಿ ಕೊರೆದ್ರೆ ಆಯ್ತು. ಈ ಕಡೆ ಇಬ್ರು, ಆ ಕಡೆ ಇಬ್ರು. ನೆಟ್ಟಗೆ ಇಳಿಯುತ್ತೆ."

ಎಲ್ಲರೂ ತಿರುಗಿ ನೋಡಿದರು. ಹೇಳಿದವನು ಹೆಂಡತಿಯ ತಮ್ಮ. ಎಡಗೈಯವನಾದ್ದರಿಂದ ಭಾವ ಅವನಿಗೆ ಎಡಚ ಎಂದೇ ಹೆಸರಿಟ್ಟಿದ್ದ. ಬೆಳಗ್ಗೆಯಿಂದ ಹೊಸ್ತಿಲ ಹೊರಗೇ ನಿಂತಿದ್ದ. ಹದಿನೇಳು ವರ್ಷದಿಂದ ಆ ಹೊಸ್ತಿಲು ದಾಟಿರಲಿಲ್ಲ.

"ಉಪಾಯವೇನೋ ಸರಿ," ಎಂದ ಪಾಲಿಶಣ್ಣ. "ಕೊರೆಯೋರು ಯಾರು? ನನ್ನ ಕೈಗೆ ಆ ಕೊರೆಯೋ ಮಷೀನ್, ರೌಟರ್, ಕೊಟ್ರೆ ಹೆಣದ ಕಾಲೇ ಹೋಗುತ್ತೆ."

ಮೆಟ್ಟಿಲ ಬುಡದಲ್ಲಿ ನಿಂತಿದ್ದ ಮಿಲಿಮೀಟರನ ಮಗಳು ಬಾಗಿಲ ಕಡೆಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು, ತಂದೆಯ ಕಣ್ಣು ಮುಚ್ಚಿಸಿದವಳೂ ಅವಳೇ. "ಮಷೀನ್ ಇದೆ ಮಾವ," ಎಂದಳು. "ಹಿಡಿಯೋಕೆ ನಿಮ್ಮನ್ನು ಬಿಟ್ರೆ ಇಲ್ಲಿ ಯಾರೂ ಇಲ್ಲ."

"ನಾನು ಅದನ್ನ ಮುಟ್ಟಿ ಎಷ್ಟು ವರ್ಷ ಆಯ್ತು ಗೊತ್ತಾ?"

"ಗೊತ್ತು. ನಾಲ್ಕು ಗಂಟೆಗೆ ಗಾಡಿ ಹೊರಡಬೇಕು."

*

ಹದಿನೇಳು ವರ್ಷದ ಹಿಂದೆ ಈ ಮೆಟ್ಟಿಲು ಈ ಮನೆಯದಾಗಿರಲಿಲ್ಲ. ಒಬ್ಬ ಡಾಕ್ಟರಮ್ಮ ಕಟ್ಟಿಸುತ್ತಿದ್ದ ಮನೆಗೆಂದು ಭಾವ ಮತ್ತು ಎಡಚ ಸೇರಿ ಮಾಡಿದ್ದು. ಎರಡು ಪಕ್ಕದ ಹಲಗೆಗಳಲ್ಲಿ ಕಚ್ಚು ಕೊರೆದು, ಆ ಕಚ್ಚಿಗೆ ಮೆಟ್ಟಿಲ ಹಲಗೆಗಳನ್ನು ಕೂರಿಸಬೇಕು. ಕಚ್ಚೆಲ್ಲ ಒಂದೇ ಸಮ ಬರಲೆಂದು ಮೊದಲು ಪ್ಲೈವುಡ್ಡಿನಲ್ಲಿ ಒಂದು ಫರ್ಮಾ, ಅಂದರೆ ಕಂಡಿ ಕೊರೆದ ಮಾದರಿ ಹಲಗೆ, ಕತ್ತರಿಸುತ್ತಾರೆ. ರೌಟರಿನ ಅಡಿಯಲ್ಲಿ ಒಂದು ಹಿತ್ತಾಳೆಯ ಬಳೆ ಇರುತ್ತದೆ. ಅದಕ್ಕೆ ಬುಷ್ ಎನ್ನುತ್ತಾರೆ. ಬುಷ್ ಫರ್ಮಾದ ಅಂಚಿಗೆ ಒರಗಿಕೊಂಡು ಓಡುತ್ತದೆ, ಬುಷ್ಷಿನ ನಡುವೆ ತಿರುಗುವ ಬಿಟ್ ಎಂಬ ಅಲಗು ಕೆಳಗಿನ ಮರವನ್ನು ಕೊರೆಯುತ್ತದೆ. ಬುಷ್ ಒಂದು ಮಿಲಿಮೀಟರ್ ಸಣ್ಣದಾಯಿತೋ, ಕಚ್ಚು ಒಂದು ಮಿಲಿಮೀಟರ್ ದೊಡ್ಡದಾಯಿತು. ಅದಕ್ಕೇ ಪ್ರತಿ ಫರ್ಮಾದ ಮೇಲೂ ಎಷ್ಟು ಮಿಲಿಮೀಟರಿನ ಬುಷ್ ಎಂದು ಭಾವ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ. ಅದನ್ನು ಓದಿ ಬುಷ್ ಹಾಕುವುದು ಎಡಚನ ಕೆಲಸ.

ಡಾಕ್ಟರಮ್ಮನ ಮನೆಯಲ್ಲಿ ಮೂರೇ ವಾರಕ್ಕೆ ಮೆಟ್ಟಿಲು ಕೂಗತೊಡಗಿತು. ಭಾವ ಮೂರನೇ ಮೆಟ್ಟಿಲ ಮೇಲೆ ನಿಂತು ಹಿಂದೆ ಮುಂದೆ ತೂಗಿದ. ಹಲಗೆ ಅವನ ಜೊತೆಗೇ ತೂಗಿತು. ಪಾಲಿಶಣ್ಣ, ಟೈಲ್ಸಿನವರು, ವೈರಿಂಗಿನವರು, ಡಾಕ್ಟರಮ್ಮ, ಎಲ್ಲರೂ ನೋಡುತ್ತಿದ್ದರು.

"ಇದಕ್ಕೆ ಬುಷ್ ಹಾಕಿದ್ದು ಯಾರು?"

"ನಾನೇ ಭಾವ. ಇಪ್ಪತ್ತನಾಲ್ಕು."

"ಇಪ್ಪತ್ತೈದು ಅಂತ ಬರೆದಿದ್ದೆ. ಕಣ್ಣನ್ನ ಎಲ್ಲಿ ಒತ್ತೆ ಇಟ್ಟಿದ್ದೆ?"

"ಇಪ್ಪತ್ತನಾಲ್ಕು ಅಂತಲೇ ಇತ್ತು."

"ಹಾಗಾದ್ರೆ ತಪ್ಪು ನಂದಾ?"

ಆ ಪ್ರಶ್ನೆಗೆ ಅಷ್ಟು ಜನರ ಮುಂದೆ ಹೌದು ಎನ್ನಲು ಎಡಚನಿಗೆ ನಾಲಿಗೆ ಏಳಲಿಲ್ಲ. ಸಂಜೆ ಕಾರ್ಖಾನೆಗೆ ಬಂದು ಫರ್ಮಾ ಹುಡುಕಿದರೆ ಫರ್ಮಾವೇ ಇಲ್ಲ. "ಚೂರುಪಾರು ಜೊತೆ ಒಲೆಗೆ ಹೋಗಿರುತ್ತೆ," ಎಂದ ಭಾವ, ಅವನ ಮುಖ ನೋಡದೆ. ಎಡಚ ತನ್ನ ಮೊಳೆಯಿಂದ ಏಪ್ರನ್ ತೆಗೆದು ಮಡಚಿಕೊಂಡು ಹೊರಟುಹೋದ. ಭಾವ ಡಾಕ್ಟರಮ್ಮನಿಗೆ ಬೇರೆ ಮೆಟ್ಟಿಲು ಮಾಡಿಕೊಟ್ಟು, ಹಳೆಯದನ್ನು ತಂದು ತನ್ನ ಮನೆಗೇ ಹಾಕಿಕೊಂಡ.

ಬೈಸಿಕೊಂಡಿದ್ದನ್ನು ಎಡಚ ಮರೆಯಬಹುದಿತ್ತು. ಮರೆಯಲಾಗದ್ದು ಇನ್ನೊಂದು. ಇಪ್ಪತ್ತನಾಲ್ಕು ಎಂದು ಕಣ್ಣಾರೆ ಓದಿದ್ದೆ ಎಂಬ ಖಾತ್ರಿ ವರ್ಷದಿಂದ ವರ್ಷಕ್ಕೆ ಸವೆಯುತ್ತಾ ಬಂತು. ಇಪ್ಪತ್ತೈದೇ ಇತ್ತೇನೋ. ನಾನೇ ಎಡವಟ್ಟು ಮಾಡಿದೆನೇನೋ. ಕಸುಬು ಬಿಟ್ಟು ಒಂದು ಹಾರ್ಡ್‌ವೇರ್ ಅಂಗಡಿ ಸೇರಿದ. ಅಲ್ಲಿ ಅರ್ಧ ಡಜನ್ ಸ್ಕ್ರೂ ಕೊಡುವಾಗಲೂ ಎರಡು ಸಲ ಎಣಿಸುತ್ತಿದ್ದ, ಗಿರಾಕಿಗಳು ನಗುತ್ತಿದ್ದರು. ಇವತ್ತು ಸಾವಿನ ಸುದ್ದಿ ಕೇಳಿದಾಗ ಅವನಿಗೆ ಮೊದಲು ಅನ್ನಿಸಿದ್ದು ದುಃಖವಲ್ಲ. ಅಯ್ಯೋ, ಇನ್ನು ಅದನ್ನ ಯಾರನ್ನ ಕೇಳೋದು ಎಂದು.

*

ಎಡಚ ಹೊಸ್ತಿಲು ದಾಟಿದ. ಕಾರ್ಖಾನೆಯೊಳಗೆ ಎಲ್ಲ ಇದ್ದಲ್ಲೇ ಇತ್ತು. ಉದ್ದನೆಯ ಮೇಜು, ಕಿಟಕಿ ಪಕ್ಕ ಕ್ಲಾಂಪುಗಳು, ಗೋಡೆ ತುಂಬ ನೇತುಹಾಕಿದ ಫರ್ಮಾಗಳು. ಬಾಗಿಲ ಬಳಿ ಏಪ್ರನ್ನಿನ ಎರಡು ಮೊಳೆ. ಬಲಗಡೆಯದು ಭಾವನದು, ಎಡಗಡೆಯದು ಎಡಚನದಾಗಿತ್ತು. ಈಗ ಅಲ್ಲಿ ಯಾವುದೋ ಪ್ಲೈವುಡ್ ತುಂಡು ಗೋಡೆಗೆ ಮುಖ ಮಾಡಿಕೊಂಡು ನೇತಾಡುತ್ತಿತ್ತು. ನನ್ನ ಮೊಳೆಗೆ ಕಸ ನೇತುಹಾಕಿದ್ದಾರೆ ಎಂದುಕೊಂಡ.

ಮಗಳು ಬಲಗಡೆಯ ಮೊಳೆಯಿಂದ ಏಪ್ರನ್ ತೆಗೆದು ಅವನ ಕೈಗೆ ಕೊಟ್ಟಳು. "ಅಪ್ಪಂದು. ಹಾಕ್ಕೊಳ್ಳಿ, ಬಟ್ಟೆ ಹಾಳಾಗುತ್ತೆ."

ಹಾಕಿಕೊಂಡ. ಜೇಬಿನಲ್ಲಿ ಒಂದು ಗಿಡ್ಡ ಪೆನ್ಸಿಲ್ಲೂ ಮಡಚುವ ಸ್ಕೇಲೂ ಇದ್ದವು. ಗೋಡೆಯಲ್ಲಿ ಕೈಕಂಡಿಯ ಫರ್ಮಾ ಹುಡುಕಿ ತೆಗೆದ. ಅದಕ್ಕೆ ತಂತಿಯಿಂದ ಒಂದು ಮರದ ತುಂಡು ಕಟ್ಟಿತ್ತು, ತುಂಡಿನಲ್ಲಿ ಅದೇ ಆಕಾರದ ಕಂಡಿ.

"ಇದೇನಿದು?"

"ಟ್ರಯಲ್ ಪೀಸ್. ಮೊದಲು ಚೂರು ಮರದಲ್ಲಿ ಕೊರೆದು, ಅಳೆದು, ಆಮೇಲೇ ಒಳ್ಳೆ ಮರಕ್ಕೆ ಕೈ ಹಾಕೋರು. ಎಲ್ಲಕ್ಕೂ ಕಟ್ಟಿದ್ದಾರೆ ನೋಡಿ."

ಹೌದು, ಎಲ್ಲಕ್ಕೂ ಕಟ್ಟಿತ್ತು. "ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ," ಎಂದ ಎಡಚ. "ನನ್ನ ಅಳತೆ ತಪ್ಪಲ್ಲ, ಟ್ರಯಲ್ ಯಾಕೆ ಅಂತಿದ್ರು ನಿಮ್ಮಪ್ಪ."

"ನಾನು ನೋಡಿದಾಗಿಂದ ಹೀಗೇ."

ಫರ್ಮಾದ ಮೇಲೆ ಬುಷ್ 30 ಎಂದು ಬರೆದಿತ್ತು. ಡಬ್ಬಿಯಿಂದ ಮೂವತ್ತರ ಬುಷ್ ತೆಗೆದು, ಓದಿ, ಫರ್ಮಾ ನೋಡಿ, ಮತ್ತೆ ಬುಷ್ ಓದಿದ. ಅಷ್ಟರಲ್ಲಿ ಹಿಡಿ ಬಿಚ್ಚಿ, ಪೆಟ್ಟಿಗೆಯನ್ನು ಇಳಿಸಿ ತಂದು ಮೇಜಿನ ಮೇಲೆ ನಿಲ್ಲಿಸಿದ್ದರು, ಪಾಲಿಶಣ್ಣ ಎರಡು ಕ್ಲಾಂಪ್ ಬಿಗಿದು ಹಿಂದೆ ಸರಿದ. ಎಡಚ ಸ್ವಿಚ್ ಒತ್ತಿದ. ರೌಟರ್ ಕಿರುಚಿತು. ಎಡಗೈಯಿಂದ ಹಿಡಿ ಸಡಿಲಿಸಿ ಮೆಲ್ಲಗೆ ಕೆಳಕ್ಕೆ ಒತ್ತಿದ. ಬಿಟ್ ಮರದೊಳಗೆ ಇಳಿಯಿತು, ಬುಷ್ ಫರ್ಮಾದ ಅಂಚು ಹಿಡಿದು ಒಂದು ಸುತ್ತು ಬಂತು. ಮೂರು ಸುತ್ತಿಗೆ ಒಂದು ಕಂಡಿ. ಎರಡನೆಯದಕ್ಕೆ ಬುಷ್ ಮತ್ತೆ ಓದಿ ನೋಡಲಿಲ್ಲ. ನಾಲ್ಕನೆಯದು ಮುಗಿಯುವಾಗ ಅವನು ತುಟಿ ಕಚ್ಚಿಕೊಂಡು ತಲೆ ವಾಲಿಸಿದ್ದ, ಹಿಂದೆಲ್ಲ ಮಾಡುತ್ತಿದ್ದಂತೆ.

"ಕೈಚಳಕ ಒಂಚೂರೂ ಮರೆತಿಲ್ಲ ನೀನು," ಎಂದು ಪಾಲಿಶಣ್ಣ ಕಂಡಿಯೊಳಗೆ ಬೆರಳಾಡಿಸಿದ. "ಉಜ್ಜು ಕಾಗದವೂ ಬೇಡ."

ಅವರು ಪೆಟ್ಟಿಗೆ ಎತ್ತಿಕೊಂಡು ಮೇಲೆ ಹೋದರು. ಈ ಸಲ ಎಲ್ಲೂ ತಗಲಲಿಲ್ಲ. ಎಡಚ ಏಪ್ರನ್ನಿನ ಹುಡಿ ಕೊಡವುತ್ತಾ ಬಾಗಿಲ ಬಳಿ ಬಂದು, ಎಡಗಡೆಯ ಮೊಳೆಯ ಪ್ಲೈವುಡ್ಡಿಗೆ ಕೈ ಹಾಕಿದ.

"ಅದು..." ಎಂದಳು ಮಗಳು. "ಅದನ್ನ ಮಾತ್ರ ಯಾರೂ ಮುಟ್ಟೋ ಹಾಗಿರ್ಲಿಲ್ಲ. ನಾನು ಗುಡಿಸುವಾಗ ಒಂದ್ಸಲ ಬೀಳಿಸಿ ಬೈಸಿಕೊಂಡಿದ್ದೆ. ಅದು ನಿನ್ನ ಮಾವಂದು ಅಂದ್ರು."

ಎಡಚ ಅದನ್ನು ತಿರುಗಿಸಿದ. ಮಧ್ಯದಲ್ಲಿ ಉದ್ದನೆಯ ಕಂಡಿ, ಮೆಟ್ಟಿಲಿನ ಫರ್ಮಾ. ಮೂಲೆಯಲ್ಲಿ ಭಾವನ ಅಕ್ಷರ, ಮಾಸಿದರೂ ಓದಬಹುದಾದದ್ದು: ಬುಷ್ 24.

ಜೇಬಿನ ಸ್ಕೇಲು ತೆಗೆದು ಕಂಡಿಯ ಅಗಲ ಅಳೆದ. ಮತ್ತೊಮ್ಮೆ ಅಳೆದ. ಬೆಳಕಿಗೆ ಹಿಡಿದು ಮೂರನೇ ಸಲವೂ ಅಳೆದ. ಆ ಅಗಲಕ್ಕೆ ಇಪ್ಪತ್ತೈದರ ಬುಷ್ಷೇ ಬೇಕಿತ್ತು. ಬರೆದದ್ದು ತಪ್ಪು. ಓದಿದ್ದು ಸರಿ.

*

ಅಕ್ಕ ಇಳಿದು ಬಂದಾಗ ಅವನು ಮೇಜಿನ ಮೇಲೆ ಫರ್ಮಾ ಇಟ್ಟುಕೊಂಡು ಕೂತಿದ್ದ.

"ನಿಂಗೆ ಗೊತ್ತಿತ್ತಾ ಅಕ್ಕ?"

ಅವಳು ಫರ್ಮಾ ನೋಡಿದಳು, ತಮ್ಮನನ್ನು ನೋಡಿದಳು. "ಗೊತ್ತಿತ್ತು ಕಣೋ."

"ಯಾವಾಗಿಂದ?"

"ನೀನು ಹೋದ ವರ್ಷದಿಂದಲೇ. ತಪ್ಪು ನಂದೇ ಅಂತ ಅವರೇ ಹೇಳಿದ್ರು. ಹಾಗಾದ್ರೆ ಹೋಗಿ ಅವನಿಗೆ ಹೇಳಿ ಅಂದೆ. ಹೂಂ ಅಂದ್ರು. ಎಷ್ಟು ಸಲ ಹೊರಟ್ರೋ. ನಿನ್ನ ಅಂಗಡಿ ತಿರುವಿನ ತನಕ ಬಂದು ವಾಪಸ್ ಬರ್ತಿದ್ರು. ಅಂಗಡಿಯಲ್ಲಿ ಜನ ಇತ್ತು ಅಂತ ಒಂದು ನೆಪ, ಬಿಸಿಲು ಅಂತ ಒಂದು ನೆಪ."

"ನೀನಾದ್ರೂ ಹೇಳಬಹುದಿತ್ತಲ್ಲ?"

"ಅವರ ಬಾಯಿಂದಲೇ ಬರ್ಲಿ ಅಂತ ಕಾದೆ." ಅಕ್ಕ ಸ್ಟೂಲಿನ ಮೇಲೆ ಕೂತಳು. "ನಂದೂ ತಪ್ಪೇ."

"ಹದಿನೇಳು ವರ್ಷ. ನನ್ನ ಕಣ್ಣನ್ನ ನಾನೇ ನಂಬ್ಲಿಲ್ಲ, ನನ್ನ ಕೈನ ನಾನೇ ನಂಬ್ಲಿಲ್ಲ. ಒಂದು ಮಾತು ಹೇಳೋಕೆ ಅವರ ಗಂಟೇನು ಹೋಗ್ತಿತ್ತು?" ಅವನು ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡ. ಸಿಟ್ಟೂ ಇತ್ತು, ಎದೆಯ ಮೇಲಿಂದ ಏನೋ ಇಳಿದಂತೆಯೂ ಇತ್ತು, ಯಾವುದಕ್ಕೆ ಅಳುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ.

"ಆ ಮೆಟ್ಟಿಲಿಗೆ ಎರಡು ಬೆಣೆ ಹೊಡೀರಿ, ಅರ್ಧ ಗಂಟೆ ಕೆಲಸ, ಬಂದೋರೆಲ್ಲ ಬಡಗಿ ಮನೆ ಮೆಟ್ಟಿಲು ಅಂತ ನಗ್ತಾರೆ ಅಂತ ಬೇಡಿಕೊಂಡೆ," ಎಂದಳು ಅಕ್ಕ. "ಕೂಗ್ಲಿ ಬಿಡು ಅಂತಿದ್ರು. ಅಷ್ಟೇ. ಕೂಗ್ಲಿ ಬಿಡು."

ಮೇಲೆ ಕೋಣೆಯಲ್ಲಿ ಕಾಲುಗಳ ಓಡಾಟ ಕೇಳಿಸುತ್ತಿತ್ತು. ಅಕ್ಕ ಫರ್ಮಾದ ಅಂಚು ಸವರಿದಳು.

"ಇದನ್ನ ಅವರ ಜೊತೆಗೇ ಪೆಟ್ಟಿಗೆಯೊಳಗೆ ಹಾಕಿಬಿಡ್ಲಾ? ಇಲ್ಲಿಗೆ ಮುಗೀಲಿ."

ಎಡಚ ಫರ್ಮಾವನ್ನು ತನ್ನ ಕಡೆಗೆ ಎಳೆದುಕೊಂಡ. "ಬೇಡ ಅಕ್ಕ. ಇದು ನಂದು. ಅವರೇ ಹೇಳಿದ್ದಾರಂತಲ್ಲ."

ಮೂರು ಮುಕ್ಕಾಲಿಗೆ ಪೆಟ್ಟಿಗೆ ಇಳಿಯಿತು. ತಲೆಯ ಕಡೆ ಡ್ರೈವರ್ ಮತ್ತು ಒಬ್ಬ ನೆರೆಯವನು, ಕಾಲಿನ ಕಡೆ ಪಾಲಿಶಣ್ಣ ಮತ್ತು ಎಡಚ. ಎಡಚ ಹಿಂದೆ ಹೆಜ್ಜೆ ಇಡುತ್ತಾ ಇಳಿದ, ಎಡಗೈ ತಾನೇ ಕೊರೆದ ಕಂಡಿಯೊಳಗಿತ್ತು. ಏಳನೇ ಮೆಟ್ಟಿಲಿಗೆ ಪಾಲಿಶಣ್ಣ ಕೇಳಿದ, "ಜಾಗ ಇದೆಯೇನೋ?"

"ಇದೆ, ಬನ್ನಿ. ಬೇಕಾದಷ್ಟಿದೆ."

ಹದಿಮೂರು ಮೆಟ್ಟಿಲೂ ಕೂಗಿದವು. ಸದ್ದು ಬೀದಿಯವರೆಗೂ ಕೇಳಿಸಿತು. ಕೆಳಗೆ ನಿಂತಿದ್ದ ಮಗಳು ಅಭ್ಯಾಸಬಲದಿಂದ ಗಡಿಯಾರ ನೋಡಿದಳು. ದಿನಾ ಆ ಸದ್ದಾದರೆ ಅಪ್ಪ ಕೆಲಸಕ್ಕೆ ಇಳಿದ ಎಂದು ಅರ್ಥ.

ಪೆಟ್ಟಿಗೆಯನ್ನು ಗಾಡಿಗೆ ಏರಿಸಿದರು. ಎಡಚ ವಾಪಸ್ ಒಳಗೆ ಬಂದು ಫರ್ಮಾ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

"ಏಪ್ರನ್ ಹಾಕ್ಕೊಂಡೇ ಬರ್ತೀಯೇನೋ?" ಎಂದಳು ಅಕ್ಕ. ಅವನು ತಿರುಗಿ ನಿಂತ. ಅವಳು ಹಿಂದಿನ ಗಂಟು ಬಿಚ್ಚಿ, ಕತ್ತಿನಿಂದ ಎತ್ತಿ ತೆಗೆದು, ಬಾಗಿಲಾಚೆ ಒಂದು ಸಲ ಕೊಡವಿದಳು. ಮರದ ಹುಡಿ ಹಾರಿತು. ಬಲಗಡೆ ಗಂಡನ ಮೊಳೆ ಖಾಲಿಯಿತ್ತು. ಅಕ್ಕ ಅದನ್ನು ದಾಟಿ ಹೋಗಿ, ಗಂಡನ ಏಪ್ರನ್ನನ್ನು ಎಡಗಡೆಯ ಮೊಳೆಗೆ ಹಾಕಿ, ಜೇಬಿನ ಪೆನ್ಸಿಲ್ ಬೀಳದಂತೆ ಒಳಕ್ಕೆ ಒತ್ತಿದಳು.